ಹಗ್ಗದಣ್ಣನ ಬೆರಕೆ ನಾಯಿ

ಹಗ್ಗದಣ್ಣನ ಮುತ್ತಜ್ಜನನ್ನು ಜನ ಸೀಟಿಯಜ್ಜ ಎನ್ನುತ್ತಿದ್ದರು. ಅವನು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರೆ ಹೊಳೆಯಾಚೆ ಮೊಲದ ಹಿಂದೆ ಓಡುತ್ತಿದ್ದ ನಾಯಿ ಅಲ್ಲಿಂದಲೇ ಹಿಂತಿರುಗುತ್ತಿತ್ತಂತೆ. ಅದರ ಬೆನ್ನಿಗೆ ಆಚೆ ದಡದವರ ನಾಯಿಗಳೂ ಬರುತ್ತಿದ್ದವಂತೆ. ಒಂದು ಸಲ ಒಬ್ಬ ಹೆಂಗಸೂ ಬಂದಳು, ಅವಳೇ ಮುತ್ತಜ್ಜಿ ಎಂದು ಆ ಮನೆಯವರು ಹೇಳುತ್ತಾರೆ. ಸೀಟಿಯಜ್ಜನ ಮಗ ಮೌನಿ ತಾತ. ಮನುಷ್ಯರ ಜೊತೆ ಮಾತಾಡುವುದು ಗಂಟಲಿಗೆ ದಂಡ ಎಂದು ಆತ ನಾಯಿಗಳ ಜೊತೆ ಮಾತ್ರ ಆಡುತ್ತಿದ್ದ. ಸಸಿತೋಟದ ಮೊದಲ ಯಜಮಾನರು ಅವನನ್ನು ಕರೆಸಿ, ಮೊಲದ ಕಾಟ ತಪ್ಪಿಸುತ್ತೀಯಾ ಎಂದು ಕೇಳಿದಾಗ ಒಮ್ಮೆ ತಲೆಯಾಡಿಸಿದ. ಆ ಒಂದು ತಲೆಯಾಟದಿಂದ ಮೂರು ತಲೆಮಾರಿಗೆ ಅನ್ನ ಹುಟ್ಟಿತು. ತಾತನ ಮಗ ಹರಕುಗಿವಿ. ಕಿವಿ ಹರಿದದ್ದು ತೋಳದ ಹಲ್ಲಿಗೆ ಎಂದು ಅವನು ಹೇಳುತ್ತಿದ್ದ, ಬಾಗಿಲ ಕೊಂಡಿಗೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಆ ಕಡೆ ತೋಳ ಕಂಡವರು ಯಾರೂ ಇಲ್ಲ. ಕೊಂಡಿ ಮಾತ್ರ ಇವತ್ತಿಗೂ ಬಾಗಿಲಲ್ಲಿದೆ.

ಇಂಥ ವಂಶದ ಕುಡಿ ನಮ್ಮ ಹಗ್ಗದಣ್ಣ. ಆಳು ಗಿಡ್ಡ, ಮೀಸೆ ಉದ್ದ. ನಾಯಿ ಜೊತೆಗಿರಲಿ ಬಿಡಲಿ, ಕೊರಳಲ್ಲಿ ನಾಯಿಹಗ್ಗ ಹಾರದ ಹಾಗೆ ಸದಾ ನೇತಾಡುತ್ತಿತ್ತು. ಹೆಸರು ಬಂದದ್ದು ಅದರಿಂದಲೇ. ಸಸಿತೋಟದ ಹಿಂಬಾಗಿಲಿನ ಹೊರಗೆ, ದಾರಿ ದಾಟಿದರೆ ಅವನ ಮನೆ. ಎರಡು ಕೋಣೆ, ಒಂದು ಅಂಗಳ, ಅಂಗಳದ ಮೂಲೆಯಲ್ಲಿ ತಗಡಿನ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಹೆಂಡತಿಯ ಕೋಳಿಗಳು, ಹಲಗೆ ಬಡಿದು ಮಾಡಿದ ಗೂಡಿನಲ್ಲಿ ಅವಳು ತವರಿನಿಂದ ತಂದ ಬಿಳಿ ಸಾಕುಮೊಲಗಳು. ಹಿಂದಿನ ಮೂರು ತಲೆಮಾರಿನಲ್ಲಿ ಆ ಮನೆಯೊಳಗೆ ಮೊಲ ಕಾಲಿಟ್ಟದ್ದೆಲ್ಲ ಸತ್ತೇ. ಜೀವಂತ ಮೊಲವನ್ನು ಸಾಕಲಿಕ್ಕೆಂದು ತಂದವರಲ್ಲಿ ಇವಳೇ ಮೊದಲಿಗಳು. ಇದನ್ನು ಓದುವವರು ಇಲ್ಲೇ ಸ್ವಲ್ಪ ಗಮನವಿಡಬೇಕು, ಏಕೆಂದರೆ ಹಗ್ಗದಣ್ಣ ಇಡಲಿಲ್ಲ.

ತೋಟವೆಂದರೆ ಹಣ್ಣಿನ ಗಿಡಗಳ ಸಸಿ ಬೆಳೆಸಿ ಮಾರುವ ಜಾಗ. ಮಂಡಿಯೆತ್ತರದ ಸಸಿಗಳು ಸಾಲು ಸಾಲಾಗಿ ನಿಂತಿರುತ್ತವೆ, ನಡುವೆ ಅಲ್ಲಲ್ಲಿ ಗಾಜಿನ ಮನೆಗಳು. ಚಳಿ ಬಿದ್ದು ಹೊರಗಿನ ಹುಲ್ಲು ಒಣಗಿತೆಂದರೆ ಕಾಡುಮೊಲಗಳು ಒಳಗೆ ನುಗ್ಗಿ ಸಸಿಯ ತೊಗಟೆ ಕೆರೆಯುತ್ತವೆ. ಸುತ್ತ ಒಂದು ಬಳೆಯಷ್ಟು ಅಗಲ ತೊಗಟೆ ಹೋದರೆ ಸಾಕು, ಮೇಲೆ ಎಲೆ ಹಸಿರಾಗಿದ್ದರೂ ಸಸಿ ಸತ್ತ ಲೆಕ್ಕವೇ. ಕೋವಿ ಹಾರಿಸುವ ಹಾಗಿಲ್ಲ, ಗಾಜು ಉಳಿಯುವುದಿಲ್ಲ. ವಿಷ ಇಡುವ ಹಾಗಿಲ್ಲ, ತೋಟದ ಹೆಂಗಸರ ಮಕ್ಕಳು ಅಲ್ಲೇ ಓಡಾಡುತ್ತವೆ. ಹಾಗಾಗಿ ನಾಯಿ, ನಾಯಿಯ ಹಿಂದೆ ಹಗ್ಗದಣ್ಣ.

ಅವನ ಹಳೆಯ ನಾಯಿ ಕಣ್ಣು ಮಂಜಾಗಿ, ಓಡಲಾರದೆ, ಬಿಸಿಲು ಕಾಯಿಸಿಕೊಳ್ಳುತ್ತಲೇ ಒಂದು ದಿನ ಹೋಯಿತು. ಮರುದಿನವೇ ತೋಟದ ಯಜಮಾನಿ ಅವನನ್ನು ಕರೆಸಿದಳು. ಜನ ಅವಳನ್ನು ಸಸಿಯಮ್ಮ ಎನ್ನುತ್ತಾರೆ. ಅಳೆದು ತೂಗಿ ಮಾತಾಡುವ ಹೆಂಗಸು.

"ನೋಡಪ್ಪ, ನಿನ್ನ ಅಪ್ಪ, ತಾತ ಎಲ್ಲರೂ ಇಲ್ಲಿ ದುಡಿದವರು. ಇಲ್ಲ ಅನ್ನಲ್ಲ. ಆದ್ರೆ ಹೋದ ಚಳೀಲಿ ಸಸಿ ಎಷ್ಟು ಹೋಯ್ತು ಅಂತ ನೀನೇ ನೋಡಿದೀಯ. ಹೊಸ ನಾಯಿ ತಯಾರು ಮಾಡು. ಬರೋ ವರ್ಷದ ಚಳಿವರೆಗೆ ಕಾಯ್ತೀನಿ. ಆಗಲಿಲ್ಲವೋ, ತಂತಿ ಬೇಲಿ ಹಾಕಿಸ್ತೀನಿ. ಬೇಲಿ ಬಂದ ಮೇಲೆ ನಾಯಿಗೂ ಕೆಲಸ ಇಲ್ಲ, ನಿನಗೂ ಇಲ್ಲ."

"ಬೇಲಿ ಓಡುತ್ತೇನಮ್ಮಾ?" ಎಂದ ಹಗ್ಗದಣ್ಣ.

"ಓಡಲ್ಲ. ಉಣ್ಣೋದೂ ಇಲ್ಲ" ಎಂದಳು ಸಸಿಯಮ್ಮ.

ಮೂರು ತಲೆಮಾರಿನ ಕೆಲಸ ಹೀಗೆ ಇನ್ನೂ ಹುಟ್ಟದ ಒಂದು ಮರಿಯ ನಾಲ್ಕು ಕಾಲಿನ ಮೇಲೆ ಬಂದು ನಿಂತಿತು.

ನಾಯಿ ಆರಿಸುವುದು ಹೇಗೆ ಎಂದು ಈಗಿನವರನ್ನು ಕೇಳಿದರೆ ಬಣ್ಣ ಹೇಳುತ್ತಾರೆ, ಬಾಲ ಹೇಳುತ್ತಾರೆ. ಹೆಣ್ಣು ನೋಡಲು ಹೋಗಿ ಜಡೆಯ ರಿಬ್ಬನ್ನು ನೋಡಿ ಬಂದವರ ಹಾಗೆ. ಹಗ್ಗದಣ್ಣ ಅಂಥವನಲ್ಲ. ಅಪ್ಪಟ ಓಟದ ನಾಯಿ ಅವನಿಗೆ ಬೇಡವಾಗಿತ್ತು. ಅದು ಕಣ್ಣಿನಿಂದ ಬೇಟೆಯಾಡುವ ಜಾತಿ. ಮೊಲ ಕಾಣುತ್ತಿರುವಷ್ಟು ಹೊತ್ತು ಬಾಣ, ಮರೆಯಾದರೆ ಮರದ ಕೊರಡು. ಚರ್ಮವೂ ಈರುಳ್ಳಿ ಸಿಪ್ಪೆಯಷ್ಟು ತೆಳು, ಮುಳ್ಳು ತಾಗಿದರೆ ಸೀಳುತ್ತದೆ. ಅದಕ್ಕೇ ತಾಯಿ ಓಟದ್ದು, ತಂದೆ ಕುರಿ ಕಾಯುವುದು, ಹೀಗೆ ಬೆರಕೆಯಾದ ಮರಿಯನ್ನು ಹುಡುಕುತ್ತಿದ್ದ. ಕಾಲು ತಾಯಿಯದು, ತಲೆ ತಂದೆಯದು ಬಂದರೆ ಗೆದ್ದ ಹಾಗೆ. ತಲೆ ತಾಯಿಯದು, ಕಾಲು ತಂದೆಯದು ಬಂದರೆ ಮನೆಮುಂದೆ ಕಟ್ಟಿಹಾಕಿ ಬಂದುಹೋಗುವವರಿಗೆ ಬೊಗಳಿಸಬಹುದು, ಅಷ್ಟೇ.

ಗುಡ್ಡದ ಬುಡದ ಕುರಿಗಾರನ ಹಟ್ಟಿಯಲ್ಲಿ ಅಂಥ ಮರಿಗಳು ಹುಟ್ಟಿವೆ ಎಂದು ತಿಳಿದು ಹೋದ. ಮರಿಗಳೆಲ್ಲ ಓಡಿಬಂದು ಅವನ ಚಪ್ಪಲಿ ಕಚ್ಚಿದವು. ಒಂದು ಮಾತ್ರ ದೂರ ಕೂತು ಆಕಾಶ ನೋಡುತ್ತಿತ್ತು. ಬೂದು ಬಣ್ಣ, ಒರಟು ಕೂದಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು.

"ಅದು ಬೇಡ ಬಿಡಣ್ಣ, ಪೆದ್ದು" ಎಂದ ಕುರಿಗಾರ. "ಕರೆದರೆ ಬರಲ್ಲ, ಬೈದರೆ ಹೋಗಲ್ಲ. ನನ್ನ ಮೈದುನನ ಥರ."

ಹಗ್ಗದಣ್ಣ ಕತ್ತೆತ್ತಿ ಅದು ನೋಡುತ್ತಿದ್ದ ಕಡೆಗೇ ನೋಡಿದ. ಎಷ್ಟೋ ಎತ್ತರದಲ್ಲಿ ಒಂದು ಹದ್ದು ಸುತ್ತುತ್ತಿತ್ತು, ಸಾಸಿವೆ ಕಾಳಿನಷ್ಟು. ಮರಿಯ ಪಾದ ಹಿಡಿದು ಬೆರಳು ಬಿಡಿಸಿ ನೋಡಿದ. ಬೆರಳುಗಳು ಒತ್ತಾಗಿ, ಮುಷ್ಟಿ ಕಟ್ಟಿದ ಹಾಗಿದ್ದವು. ಎದೆಗೂಡು ಆಳವಾಗಿತ್ತು, ಕತ್ತು ಉದ್ದವಾಗಿತ್ತು. ಓಡುತ್ತಲೇ ತಲೆ ತಗ್ಗಿಸಿ ಮೊಲ ಎತ್ತಬೇಕಾದರೆ ಕತ್ತು ಗಿಡ್ಡವಾದದ್ದು ಮುಗ್ಗರಿಸುತ್ತದೆ.

"ಪೆದ್ದೇ ಇರಲಿ. ನಮ್ಮನೇಲಿ ಬುದ್ಧಿವಂತರು ಜಾಸ್ತಿ ಆಗಿದಾರೆ" ಎಂದು ಅಂಗಿಯೊಳಗೆ ಹಾಕಿಕೊಂಡು ಬಂದ.

ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಇದೇನ್ರೀ, ನಾಯಿನೋ, ಒರೆಸೋ ಬಟ್ಟೆನೋ?"

"ನಗು, ನಗು. ಬರೋ ವರ್ಷ ನೀನೇ ಆರತಿ ಎತ್ತುತೀಯ."

"ಹೆಸರೇನು?"

"ಮೊದಲ ಮೊಲ ಬೀಳಲಿ. ಆಮೇಲೆ ಹೆಸರು."

ಅದು ಆ ಮನೆತನದ ಕಟ್ಟಳೆ. ಮೊದಲ ಮೊಲವನ್ನು ಕೊಂದು ಕೈಗೆ ತಂದುಕೊಡುವ ತನಕ ನಾಯಿಗೆ ಹೆಸರಿಲ್ಲ, ಬರಿ ಮರಿ. ಕೆಲಸ ಮಾಡದವನಿಗೆ ಹೆಸರೇಕೆ ಎಂದು ಮೌನಿ ತಾತ ಹೇಳಿದ್ದನಂತೆ. ಮೌನಿ ತಾತ ಹೇಳಿದನೆಂದು ಆ ಮನೆಯಲ್ಲಿ ಉಲ್ಲೇಖಿಸುವ ಮಾತುಗಳನ್ನೆಲ್ಲ ಕೂಡಿಸಿದರೆ ಆತ ಬದುಕಿದ್ದಷ್ಟು ದಿನವೂ ಬಾಯಿ ಮುಚ್ಚಿದಂತೆ ಕಾಣುವುದಿಲ್ಲ.

ಪಾಠ ಶುರುವಾಯಿತು. ಎಲುಬು ಬಲಿಯುವ ತನಕ ಓಡಿಸುವ ಹಾಗಿಲ್ಲ, ಹಗ್ಗದಲ್ಲಿ ನಡೆಸುವುದಷ್ಟೇ. ಎಡಗಾಲಿನ ಪಕ್ಕ, ಮುಂದೆ ಎಳೆಯದೆ, ಹಿಂದೆ ಬೀಳದೆ. ಕೂರು ಅಂದರೆ ಕೂರಬೇಕು, ಮುಂದೆ ತಟ್ಟೆಯಲ್ಲಿ ಮಾಂಸವಿದ್ದರೂ ಅಪ್ಪಣೆಯಿಲ್ಲದೆ ಮೂಗು ಚಾಚಬಾರದು. ಸೀಟಿಗೆ ತಿರುಗಬೇಕು. ಓಡುವಾಗ ಬೊಗಳಬಾರದು, ಬೊಗಳುವ ನಾಯಿ ಉಸಿರನ್ನು ಬಾಯಿಗೆ ಕೊಟ್ಟು ಕಾಲಿಗೆ ಉಳಿಸುವುದಿಲ್ಲ. ಹಳೆಯ ಮೊಲದ ಚರ್ಮಕ್ಕೆ ಹೊಟ್ಟು ತುಂಬಿ ಎಸೆದರೆ ಎತ್ತಿ ತಂದು ಅಂಗೈಗೆ ಇಡಬೇಕು, ನೆಲಕ್ಕಲ್ಲ. ಬಾಯಿ ಮೆತ್ತಗಾಗಲು ಹಸಿ ಮೊಟ್ಟೆ ಹೊರಿಸುತ್ತಿದ್ದ. ಮೊದಮೊದಲು ಮೊಟ್ಟೆ ಒಡೆದು ಮೂತಿಯೆಲ್ಲ ಹಳದಿ. ಬರಬರುತ್ತಾ ಮರಿ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೊಟ್ಟೆ ಹೊತ್ತು ತಂದು, ಬಿರುಕಿಲ್ಲದೆ ಕೈಗಿಡತೊಡಗಿತು. ಹಗ್ಗದಣ್ಣ ಆ ಮೊಟ್ಟೆಯನ್ನು ಬೀದಿಯವರಿಗೆಲ್ಲ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ, ತಾನೇ ಇಟ್ಟ ಹಾಗೆ.

ಕೊನೆಯದಾಗಿ ಇನ್ನೊಂದು ಪಾಠ, ವಂಶಪಾರಂಪರ್ಯದ್ದು. ಬೇಟೆನಾಯಿ ಮನೆಯ ಜೀವಕ್ಕೆ ಬಾಯಿ ಹಾಕಬಾರದು. ಅದಕ್ಕೆ ಮರಿಯನ್ನು ಚಿಕ್ಕದರಲ್ಲೇ ಕೊಟ್ಟಿಗೆಯಲ್ಲಿ ಮಲಗಿಸಬೇಕು. ಸೀಟಿಯಜ್ಜನಿಂದ ಹರಕುಗಿವಿಯವರೆಗೆ ಎಲ್ಲರೂ ಕೋಳಿಗಳ ನಡುವೆಯೇ ಮರಿ ಬೆಳೆಸಿದರು. ಹಗ್ಗದಣ್ಣನೂ ಹಾಗೇ ಮಾಡಿದ. ಅಪ್ಪ ನೆಟ್ಟ ಆಲದ ಮರಕ್ಕೆ ನೇತು ಬೀಳುವುದು ಎಂದರೆ ಇದೇ. ಕೊಟ್ಟಿಗೆ ಅದೇ, ಕೋಳಿ ಅವೇ, ಮೊಲದ ಗೂಡು ಮಾತ್ರ ಹೊಸದು. ಅವನ ಕಣ್ಣಿಗೆ ಅದು ಹೆಂಡತಿಯ ಸಾಮಾನು, ಸಂದೂಕದ ಹಾಗೆ.

ಸಾಕುಮೊಲದ ಮೈ ಬೆಚ್ಚಗಿತ್ತು. ಮರಿ ಗೂಡಿನ ಸರಳಿಗೆ ಬೆನ್ನು ಕೊಟ್ಟು ಮಲಗುವುದು ಕಲಿಯಿತು. ಒಂದು ದಿನ ಗೂಡಿನ ಕದ ಸಡಿಲವಾಗಿ ಬಿಳಿ ಮೊಲವೊಂದು ಅಂಗಳಕ್ಕೆ ಹಾರಿತು. ಹಗ್ಗದಣ್ಣ ತೋಟದಲ್ಲಿದ್ದ. ಅವನ ಹೆಂಡತಿ ಪೊರಕೆ ಹಿಡಿದು ಓಡುವಷ್ಟರಲ್ಲಿ ಮರಿ ಮೊಲವನ್ನು ಹಿಡಿದು, ಮೊಟ್ಟೆಯ ಹಾಗೆ ಬಾಯಲ್ಲಿಟ್ಟು ತಂದು, ಗೂಡಿನ ಮುಂದೆ ನಿಂತು ಅವಳ ಮುಖ ನೋಡಿತು. ತಂದೆಯ ಕಡೆಯ ರಕ್ತ. ಚದುರಿದ್ದನ್ನು ಕೂಡಿಸುವ ಜಾತಿ. "ನನ್ನ ಬಂಗಾರ! ಯಜಮಾನರಿಗಿಂತ ನೀನೇ ವಾಸಿ ಕಣೆ" ಎಂದು ಅವಳು ಒಣ ಬ್ರೆಡ್ಡಿನ ಚೂರೊಂದು ಕೊಟ್ಟಳು. ಆಮೇಲೆ ಗೂಡಿನ ಕದ ರಿಪೇರಿ ಮಾಡುವ ಗೋಜಿಗೇ ಹೋಗಲಿಲ್ಲ. ಮೊಲಗಳು ಅಂಗಳದಲ್ಲಿ ಮೇಯಲಿ, ಸಂಜೆ ಮರಿ ಒಂದೊಂದನ್ನೇ ತಂದುಕೊಡುತ್ತದೆ. ಒಂದು ಮೊಲಕ್ಕೆ ಒಂದು ಚೂರು.

ಹೀಗೆ ಹಗ್ಗದಣ್ಣ ಬೆಳಿಗ್ಗೆ ಕಲಿಸಿದ ಪಾಠಕ್ಕೆಲ್ಲ ಹೆಂಡತಿ ಸಂಜೆ ಅರ್ಥ ಹೇಳಿಕೊಡುತ್ತಿದ್ದಳು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ನಾಯಿಗೆ ಗೊತ್ತಿತ್ತು.

ಚಳಿ ಬಂತು. ಪರೀಕ್ಷೆಯ ಬೆಳಿಗ್ಗೆ ಸಸಿಯಮ್ಮ ಶಾಲು ಹೊದ್ದು ಬಂದು ನಿಂತಳು. ತೋಟದ ಕೆಲಸದವರು ಕೊಡ, ಗುದ್ದಲಿ ಬಿಟ್ಟು ಸಾಲಾಗಿ ನಿಂತರು. ಹಗ್ಗದಣ್ಣನ ಭಾಮೈದನೂ ಬಂದಿದ್ದ, ಹೆಂಡತಿಯ ತಮ್ಮ. ಅವನ ಕಸುಬು ತಂತಿಬೇಲಿ ಹಾಕುವುದು. ಅಳತೆಯ ಟೇಪು ಸೊಂಟದಲ್ಲಿತ್ತು.

"ನಿನ್ನನ್ನ ಯಾರೋ ಕರೆದದ್ದು?" ಎಂದ ಹಗ್ಗದಣ್ಣ.

"ಅಮ್ಮಾವ್ರೇ ಕರೆದ್ರು ಭಾವ. ಸುಮ್ನೆ, ಒಂದು ಅಳತೆಗೆ ಅಂತ."

"ಹೆಣ ಬೀಳೋಕೆ ಮುಂಚೇನೇ ಗುಂಡಿ ಅಳತೆ ತಗೊಳ್ಳೋನು ನೀನೊಬ್ಬನೇ."

"ನಿಮ್ಮ ನಾಯಿ ಗೆದ್ರೆ ನಾನೇ ಮೊದಲು ಚಪ್ಪಾಳೆ ಹೊಡೀತೀನಿ. ಅಕ್ಕನಾಣೆ."

ಸಾಲಿನ ತುದಿಯಿಂದ ಕಾಡುಮೊಲ ಎದ್ದಿತು. ಹಗ್ಗದಣ್ಣ ಹಗ್ಗ ಜಾರಿಸಿದ. ಆಮೇಲೆ ನಡೆದದ್ದನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ನಾಯಿ ಓಡಿದ್ದಲ್ಲ, ನೆಲವೇ ಅದರ ಕೆಳಗಿನಿಂದ ಹಿಂದಕ್ಕೆ ಸರಿಯಿತು. ಮೊಲ ಎಡಕ್ಕೆ ತಿರುಗಿತು, ನಾಯಿಯೂ ತಿರುಗಿತು. ಮೊಲ ಸಸಿಗಳ ನಡುವೆ ನುಗ್ಗಿ ಮರೆಯಾಯಿತು. ಅಪ್ಪಟ ಓಟದ ನಾಯಿಯಾಗಿದ್ದರೆ ಅಲ್ಲೇ ಪೆಚ್ಚಾಗಿ ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ. ಸಾಲನ್ನು ಬಳಸಿಕೊಂಡು ಹೋಗಿ ಮೊಲ ಹೊರಬೀಳುವ ಜಾಗದಲ್ಲಿ ಮೊದಲೇ ಕಾದಿತ್ತು. ಕತ್ತು ತಗ್ಗಿತು, ಎದ್ದಿತು, ಬಾಯಲ್ಲಿ ಮೊಲ. ಒಂದು ಸಸಿಯೂ ಮುರಿದಿರಲಿಲ್ಲ. ಭಾಮೈದ ಮಾತಿನಂತೆ ಚಪ್ಪಾಳೆ ತಟ್ಟಿದ.

ಹಗ್ಗದಣ್ಣ ಒಂದು ಮಂಡಿಯೂರಿ, ಎರಡೂ ಕೈ ಚಾಚಿ, ಮೀಸೆಯಡಿಯಲ್ಲೇ ನಗುತ್ತಾ ಕಾದ. ನಾಯಿ ಅವನ ಕಡೆಗೇ ಬಂತು. ಬಂದು, ಅವನ ಪಕ್ಕದಿಂದ ಹಾದು, ಹಿಂಬಾಗಿಲು ದಾಟಿ, ದಾರಿ ದಾಟಿ, ಮನೆಗೆ ಹೋಯಿತು.

ಎಲ್ಲರೂ ಅದರ ಹಿಂದೆ ಓಡಿದರು. ಅಂಗಳದಲ್ಲಿ ಹಗ್ಗದಣ್ಣನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ನಾಯಿ ಗೂಡಿನ ಮುಂದೆ ನಿಂತು, ಬಾಯಲ್ಲಿ ಜೀವಂತ ಕಾಡುಮೊಲವನ್ನಿಟ್ಟುಕೊಂಡು, ಬ್ರೆಡ್ಡಿನ ಡಬ್ಬಿಯ ಕಡೆ ನೋಡುತ್ತಿತ್ತು.

"ಅಯ್ಯೋ, ಇದು ನಮ್ಮದಲ್ವಲ್ಲೇ! ಯಾರ ಮನೇದು ತಂದೆ?" ಎಂದಳು ಅವಳು. ಆದರೂ ರೂಢಿಯಂತೆ ಕೈ ಡಬ್ಬಿಗೆ ಹೋಯಿತು. ಚೂರು ಕಂಡೊಡನೆ ನಾಯಿ ಬಾಯಿ ಬಿಟ್ಟಿತು. ಮೊಲ ಮೈ ಕೊಡವಿ, ಗೋಡೆ ಹಾರಿ, ಸಸಿಯಮ್ಮನ ಸೆರಗಿನ ಪಕ್ಕದಲ್ಲೇ ಹಾದು, ತೆರೆದಿದ್ದ ಹಿಂಬಾಗಿಲಿನಿಂದ ತೋಟಕ್ಕೆ ವಾಪಸು ಹೋಯಿತು.

ಹಗ್ಗದಣ್ಣ ಮೊಲ ಹೋದ ದಾರಿಗೆ ಬೆನ್ನು ಹಾಕಿ ನಿಂತ. "ಹಿಡಿಯೋದು ನೋಡಿದಿರಲ್ಲಮ್ಮಾ."

"ಹಿಡಿಯೋದೂ ನೋಡಿದೆ, ಬಿಡೋದೂ ನೋಡಿದೆ" ಎಂದಳು ಸಸಿಯಮ್ಮ. ಭಾಮೈದನ ಕಡೆ ತಿರುಗಿ, "ಅಳತೆ ಆಯ್ತೇನಪ್ಪ?"

ಆ ದಿನ ಮನೆಯಲ್ಲಿ ಒಲೆಗಿಂತ ಹಗ್ಗದಣ್ಣನೇ ಹೆಚ್ಚು ಉರಿದ. "ನನ್ನ ಬೇಟೆನಾಯಿನ ದಾದಿ ಮಾಡಿಟ್ಟೆಯಲ್ಲೇ! ಆ ಗೂಡು ನಾಳೇನೇ ಹೊರಗೆ."

"ಗೂಡು ಹೊರಗೆ ಹೋದ್ರೆ ಅದರ ಹಿಂದೆ ನಾನೂ ಹೋಗ್ತೀನಿ, ನನ್ನ ಹಿಂದೆ ನಿಮ್ಮ ನಾಯೀನೂ ಬರುತ್ತೆ. ಕೊಟ್ಟಿಗೇಲಿ ಮಲಗಿಸಿದ್ದು ಯಾರು? ಮನೆಯ ಮೊಲ, ಹೊರಗಿನ ಮೊಲ ಅಂತ ಬೇರೆ ಮಾಡಿ ಹೇಳಿಕೊಟ್ಟಿರಾ?"

"ಮೊಲ ಅಂದ್ರೆ ಮೊಲ ಅಂತ ನಾಯಿಗೆ ಗೊತ್ತಿರಬೇಕು."

"ಗೊತ್ತಿದೆಯಲ್ಲ. ಅದಕ್ಕೇ ತಂದಿದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಕೇಳಿದೀನಿ. ನೀವು ಹಿಡಿಸಿದ ಮೊಲ ನಾಲ್ಕೂ ಕಾಲಲ್ಲಿ ಓಡಿಹೋಯ್ತು, ಊರೇ ನೋಡ್ತು. ಇನ್ನೂ ವಾದ ಮಾಡ್ತೀರಿ."

ತಿದ್ದಲು ಅವನು ಮಾಡದ ಪ್ರಯತ್ನವಿಲ್ಲ. ಬೈದ, ಮುದ್ದಿಸಿದ, ಕೈಯಲ್ಲಿ ತಾನೇ ಬ್ರೆಡ್ಡು ಹಿಡಿದು ಕರೆದ. ನಾಯಿ ಬ್ರೆಡ್ಡು ತಿಂದಿತು, ಮೊಲವನ್ನು ಮಾತ್ರ ಅವನ ಹೆಂಡತಿಗೇ ಒಪ್ಪಿಸಿತು. ಹಿಡಿದ ಮೊಲಗಳಲ್ಲಿ ಒಂದರ ಕಿವಿ ಸೀಳಿತ್ತು. ಅದೇ ಮೊಲ ಮತ್ತೆ ಮತ್ತೆ ಬರತೊಡಗಿದಾಗ, ಅದಕ್ಕೂ ಈ ಸವಾರಿ ರೂಢಿಯಾಗಿದೆ ಎಂದು ತೋಟದವರು ನಗಾಡಿದರು. ಬಿಟ್ಟ ಮೊಲ ಒಳಗೆ ಹೋಗದಂತೆ ಹಿಂಬಾಗಿಲು ಮುಚ್ಚಿಟ್ಟರೂ ಉಪಯೋಗವಿರಲಿಲ್ಲ, ತೋಟದ ಸುತ್ತ ಇದ್ದದ್ದು ಹಳೆಯ ಮುಳ್ಳುಪೊದೆ. ಮೊಲಕ್ಕೆ ಅಡಿಗಡಿಗೆ ಹೆಬ್ಬಾಗಿಲು.

ಬೇಲಿ ಎದ್ದಿತು. ಭಾಮೈದ ಕೆಲಸಗಾರ, ಅದನ್ನು ಅಲ್ಲಗಳೆಯುವಂತಿಲ್ಲ. ತಂತಿಬಲೆಯನ್ನು ನೆಲದೊಳಗೆ ಗೇಣು ಆಳ ಹೂತ, ಕಂಬಕ್ಕೆ ಕಂಬ ಬಿಗಿದ, ಹಿಂಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿದ. "ಇರುವೆ ಹೋಗಬೇಕಾದ್ರೂ ನನ್ನ ಕೇಳಬೇಕು" ಎಂದು ಕೈ ಒರೆಸಿಕೊಂಡ. ಹಗ್ಗದಣ್ಣ ಮನೆಯ ಬಾಗಿಲಲ್ಲಿ ಕೂತು ನೋಡಿದ.

ಮುಂದಿನ ವಾರ ತೊಗಟೆ ಹೋದ ಸಸಿಗಳು ಕಡಿಮೆಯಾಗಬೇಕಿತ್ತು. ಹೆಚ್ಚಾದವು. ಸಸಿಯಮ್ಮ ಬೇಲಿಯ ಸುತ್ತ ನಡೆದಳು, ತೂತಿಲ್ಲ. ಭಾಮೈದ ಸುತ್ತ ತೆವಳಿದ, ತೂತಿಲ್ಲ. ಬೇಲಿ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದವರು ಕಣ್ಣಾರೆ ಕಂಡ ಹಾಗಾಯಿತು. ಕೊನೆಗೆ ನೀರು ಹಾಕುವ ಮುದುಕಿಯೊಬ್ಬಳು ಹೇಳಿದಳು: "ಹೊರಗಿನವು ಒಳಗೆ ಬರಲ್ಲ, ಸರಿ. ಒಳಗಿನವು ಹೊರಗೆ ಹೋಗೋದು ಹೆಂಗಪ್ಪ?"

ಯಾರಿಗೂ ಹೊಳೆದಿರಲಿಲ್ಲ. ಮೊದಲು ತಿಂದು ಹೊರಗೆ ಹೋಗುತ್ತಿದ್ದ ಮೊಲಗಳನ್ನು ಭಾಮೈದ ಊಟದ ಮನೆಯೊಳಗೇ ಕೂಡಿ ಚಿಲಕ ಹಾಕಿದ್ದ.

ಸಸಿಯಮ್ಮ ತಾನೇ ದಾರಿ ದಾಟಿ ಬಂದಳು. ಹಗ್ಗದಣ್ಣ ಎದ್ದು ನಿಲ್ಲಲು ಸ್ವಲ್ಪ ಹೊತ್ತು ತೆಗೆದುಕೊಂಡ.

"ನಿನ್ನ ನಾಯಿ ಹಿಡಿದು ಎಲ್ಲಿಗೆ ತರುತ್ತೆ?" ಎಂದಳು.

"ಇಲ್ಲಿಗೆ."

"ಇಲ್ಲಿಂದ ಒಳಗೆ ಹೋಗೋಕೆ ಈಗ ದಾರಿ ಇದೆಯಾ?"

ಹಗ್ಗದಣ್ಣ ಬೇಲಿ ನೋಡಿದ, ನಾಯಿ ನೋಡಿದ, ಮೀಸೆ ಮುಟ್ಟಿಕೊಂಡ. "ಅದಕ್ಕೇ ಅಮ್ಮಾ, ನಮ್ಮ ಮನೆತನದಲ್ಲಿ ಜೀವಂತ ಹಿಡಿಯೋದನ್ನ ಕಲಿಸೋದು" ಎಂದ. ಒಳಗೆ ಹೆಂಡತಿ ಕೆಮ್ಮಿದಳು.

ನಾಯಿ ಕೆಲಸಕ್ಕಿಳಿಯಿತು. ಹಗ್ಗದಣ್ಣ ಸಸಿಸಾಲಿನಲ್ಲಿ ನಿಂತು ಅದರ ಹಗ್ಗ ಬಿಡುತ್ತಿದ್ದ. ನಾಯಿ ಹಿಡಿದು ಬಂದರೆ ಹಿಂಬಾಗಿಲಲ್ಲಿ ನಿಂತ ತೋಟದ ಆಳೊಬ್ಬ ಕದ ತೆರೆಯುತ್ತಿದ್ದ, ಹೆಂಡತಿ ಅಂಗಳದಲ್ಲಿ ಡಬ್ಬಿ ಹಿಡಿದು ಕೂತಿರುತ್ತಿದ್ದಳು. ಚೂರು ಕೊಟ್ಟರೆ ಮೊಲ ಬಿಡುಗಡೆ. ಅದು ಗೋಡೆ ಹಾರಿ ತೋಟದ ಕಡೆಗೆ ಓಡಿ, ತಂತಿಗೆ ಮೂತಿ ತಾಗಿಸಿ, ಅತ್ತಿತ್ತ ಎಡತಾಕಿ, ಕೊನೆಗೆ ಬಯಲಿನ ದಾರಿ ಹಿಡಿಯುತ್ತಿತ್ತು. ದಿನದಿಂದ ದಿನಕ್ಕೆ ತೋಟದಲ್ಲಿ ಮೊಲ ಬರಿದಾಯಿತು. ಊರವರು ನಿಂತು ನೋಡುತ್ತಿದ್ದರು. ಹಗ್ಗದಣ್ಣ ಎದೆಯುಬ್ಬಿಸಿಕೊಂಡು ತಿರುಗಿದ. ಸೀಟಿಯಜ್ಜನೂ ಮೊಲವನ್ನು ಕೊಂದವನೇ ಅಲ್ಲ ಎಂಬ ಹೊಸ ಕಥೆಯೊಂದು ಆ ವಾರವೇ ಹುಟ್ಟಿತು.

ಜಂಬದ ಭರದಲ್ಲಿ ಅವನಿಗೆ ಕಾಣದ್ದು ಹೆಂಡತಿಗೆ ಕಂಡಿತು. "ಏನ್ರೀ, ಎಲ್ಲ ಹಿಡಿದಾದ ಮೇಲೆ?"

ಮೂರು ತಲೆಮಾರು ಮೊಲ ಹಿಡಿದೂ ತೋಟದಲ್ಲಿ ಮೊಲ ಮುಗಿದಿರಲಿಲ್ಲ. ಮುಗಿಯದ್ದರಿಂದಲೇ ಮೂರು ತಲೆಮಾರು ನಡೆದದ್ದು. ಅವನ ಹೆಸರಿಲ್ಲದ ಮರಿ ಒಂದೇ ಚಳಿಯಲ್ಲಿ ಅದನ್ನು ಮುಗಿಸುತ್ತಿತ್ತು.

ಕೊನೆಗೆ ಒಳಗೆ ಉಳಿದದ್ದು ಆ ಸೀಳುಗಿವಿಯ ಮೊಲವೊಂದೇ. ಅದನ್ನೂ ನಾಯಿ ಒಂದು ಮಧ್ಯಾಹ್ನ ಹೊತ್ತು ತಂದಿತು. ಮೊಲ ಬಯಲಿನ ಕಡೆ ಹೋಗುವುದನ್ನು ಹಗ್ಗದಣ್ಣ ಬೇಲಿಯ ಪಕ್ಕ ನಿಂತು ನೋಡುತ್ತಿದ್ದ. ಭಾಮೈದ ಬಂದು ಪಕ್ಕದಲ್ಲಿ ನಿಂತ. ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ. ತಾನು ಹಾಕಿದ ಬೇಲಿ ಅಕ್ಕನ ಮನೆಯ ಒಲೆಯನ್ನೇ ಆರಿಸಹೊರಟದ್ದು ಅವನನ್ನು ಕೊರೆಯುತ್ತಿತ್ತು.

"ಭಾವ, ಒಂದು ಮಾತು. ತೋಟದ ಕೊಳದ ಹಿಂದೆ, ಯಾರೂ ಹೋಗದ ಮೂಲೇಲಿ ತಂತಿಬಲೆಯ ನಾಲ್ಕು ಕಣ್ಣು ಕತ್ತರಿಸಿ ಬಿಡ್ತೀನಿ. ಎರಡು ಮೊಲ ನುಗ್ಗಿದ್ರೆ ಸಾಕು, ಮುಂದಿನ ಚಳಿಗೆ ಸಂಸಾರ ಬೆಳೆದಿರುತ್ತೆ. ಅಮ್ಮಾವ್ರು ಮತ್ತೆ ನಿಮ್ಮ ಬಾಗಿಲಿಗೇ ಬರ್ತಾರೆ. ಯಾರಿಗೂ ಗೊತ್ತಾಗಲ್ಲ."

ಹಗ್ಗದಣ್ಣ ಆ ಇಕ್ಕಳ ನೋಡಿದ. ನಾಯಿ ಅವನ ಎಡಗಾಲಿನ ಪಕ್ಕ ಬಂದು ಕೂತು, ಮೂತಿಗಂಟಿದ ಬ್ರೆಡ್ಡಿನ ಪುಡಿ ನೆಕ್ಕಿಕೊಂಡಿತು.

"ಬೇಡ ಕಣೋ" ಎಂದ. "ನಿನ್ನ ಮನಸ್ಸು ಒಳ್ಳೇದು, ಗೊತ್ತು. ಆದ್ರೆ ಇದು ಒಂದೊಂದನ್ನೇ ಉಸಿರು ಕಟ್ಟಿ ಹೊತ್ತು ಹೊರಗೆ ಹಾಕಿದೆ. ಆ ಮೊಲಗಳನ್ನೇ ನಾನು ಹಿಂದಿನಿಂದ ಕರೆದು ಒಳಗೆ ಬಿಟ್ಕೊಂಡ್ರೆ, ನಾಳೆ ಯಾವ ಬಾಯಲ್ಲಿ ಇದಕ್ಕೆ ಕೂರು, ಏಳು ಅಂತ ಹೇಳಲಿ? ಕೆಲಸ ಹೋದ್ರೆ ಹೋಗಲಿ, ಬೇರೆ ಹುಡುಕ್ತೀನಿ. ಇಕ್ಕಳ ಜೇಬಿಗಿಡು. ನಮಗೋಸ್ಕರ ಯಾರೂ ಕದ್ದು ಏನೂ ಮಾಡೋದು ಬೇಡ."